ಇಲ್ಲಗಳ ಲೆಕ್ಕ

ಗ್ರಿಮ್ಸ್‌ಬಿಯ ಮೀನು ಹರಾಜು ಬೆಳಿಗ್ಗೆ ಏಳಕ್ಕೆ.
ಈಗ ಮೂರೂ ಹತ್ತು.
ಗೋಡೆಯಾಚೆ ಮಂಜುಗಡ್ಡೆ ಅರೆಯುವ ಸದ್ದು,
ಈಚೆ ನಾನು, ಒಂದೇ ಸಲಾಕೆ ಕೆಂಪಾಗುವ ಹೀಟರು,
ಉಸಿರು ಬಿಗಿಹಿಡಿದು ಕೂತ ಸರ್ವರು.

ಮೂರು ದಿನದಿಂದ ಬೆಲೆಯ ಪರದೆ ತೊದಲುತ್ತಿದೆ.
ನಿನ್ನೆ ಇಪ್ಪತ್ತು ಪೆಟ್ಟಿಗೆ ಹ್ಯಾಡಕ್
ಯಾರೂ ಕೂಗದ ಬೆಲೆಗೆ ಯಾರದೋ ಪಾಲಾಯಿತು.
"ಮೀನು ಕಾಯೋದಿಲ್ಲ ಕಣೇ" ಅಂತ
ಫೋನಿನಲ್ಲೇ ಬಯ್ದು ಮುಗಿಸಿದ್ದ ಗ್ವೆನ್ ಓಡ್ಲಿಂಗ್
ಈಗ ಚಹಾ ತಂದಿಟ್ಟು ಬೆನ್ನ ಹಿಂದೆ ನಿಂತಿದ್ದಾಳೆ.

ಮೂವತ್ತೆರಡು ಜಿಬಿ ನೆನಪು.
ಓಡುವ ಪ್ರೋಗ್ರಾಮುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ
ಒಬ್ಬೊಬ್ಬರ ಜೇಬು ತಡವಿದೆ:
ಹರಾಜಿನದು ಒಂದೂವರೆ, ಡೇಟಾಬೇಸಿನದು ಎರಡು,
ಉಳಿದದ್ದು ಚಿಲ್ಲರೆ.
ಕುಂಬಳಕಾಯಿ ಕಳ್ಳ ಅಂದರೆ
ಒಬ್ಬರೂ ಹೆಗಲು ಮುಟ್ಟಿಕೊಳ್ಳಲಿಲ್ಲ.
ಓದಿದ ಕಡತಗಳ ಪುಟಗಳೇ ಇರಬೇಕು ಅಂದುಕೊಂಡೆ;
ಅದೂ ಒಂದೇ ಜಿಬಿ.
ಲಕೋಟೆಯ ಹಿಂದೆ ಪೆನ್ಸಿಲ್ಲಿನಲ್ಲಿ ಕೂಡಿದೆ, ಮತ್ತೆ ಕೂಡಿದೆ.
ಇಪ್ಪತ್ತಾರು ತಾಳೆ ಬೀಳಲಿಲ್ಲ.

ಹಾಗಾದರೆ ಮನೆಯ ಯಜಮಾನನೇ.
ಕರ್ನಲ್ಲಿನ ಸ್ವಂತ ಉಗ್ರಾಣದ ಬೀಗ ತೆಗೆಸಿ
ದೀಪ ಹಿಡಿದರೆ
ಮೊದಲ ಸಾಲಿನಲ್ಲೇ ಕಾಲು ಚಾಚಿ ಕೂತಿತ್ತು: ಡೆಂಟ್ರಿ.
ಯಾವ ಕಡತ ಎಲ್ಲಿದೆ ಅಂತ
ಡಿಸ್ಕಿನವರೆಗೆ ಮತ್ತೆ ಮತ್ತೆ ನಡೆಯಲಾರದೆ
ಬರೆದಿಟ್ಟುಕೊಳ್ಳುವ ಚೀಟಿ.
ಒಂದೊಂದು ಚೀಟಿ ನೂರ ತೊಂಬತ್ತೆರಡು ಬೈಟು, ಸಾಸಿವೆ.
ಇದ್ದದ್ದು ಹದಿಮೂರೂವರೆ ಕೋಟಿ.

ಇಡೀ ಡಿಸ್ಕಿನಲ್ಲಿ ಕಡತಗಳೇ ನಾಲ್ಕು ಲಕ್ಷ.
ಮಿಕ್ಕವು ಯಾರ ಹೆಸರು?

ಇನ್ನೊಂದು ಅಂಕಿ ತೆರೆದು ನೋಡಿದೆ.
ಆಮೇಲೆ ಚಹಾ ಕುಡಿದೆ. ಆರಿತ್ತು.

ಮಿಕ್ಕವು ಇಲ್ಲಗಳು.
ಯಾರಾದರೂ ಒಂದು ಹೆಸರು ಹೇಳಿ ಇದೆಯಾ ಅಂದರೆ
ಹುಡುಕಿ, ಸಿಗದೆ, ಇಲ್ಲ ಅಂದು,
ಆ ಇಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಒಳಗಿಡುತ್ತದೆ,
ಅದೇ ಹೆಸರು ಹಿಡಿದು ನಾಳೆ ಯಾರಾದರೂ ಬಂದರೆ
ಕಾಯಿಸದೆ ಇಲ್ಲ ಅನ್ನಲಿಕ್ಕೆ.
ಸೌಜನ್ಯವೇ.
ಅದೇ ಹೆಸರು ಹಿಡಿದು ನಾಳೆ ಯಾರೂ ಬರಲಿಲ್ಲ, ಅಷ್ಟೆ.
ಇಕ್ಕಟ್ಟಾದಾಗ ಒಂದೊಂದು ಹಿಡಿ ತಾನೇ ಎತ್ತಿ ಎಸೆಯುತ್ತಿತ್ತು,
ಪರದೆ ತೊದಲುತ್ತಿದ್ದದ್ದು ಆಗಲೇ.

ಕೇಳುತ್ತಿದ್ದವರು ಯಾರು?
ಬಾಗಿಲಲ್ಲಿ ಕಿವಿಯಿಟ್ಟು ಕೂತೆ.
ಸೆಕೆಂಡಿಗೊಂದು ದನಿ.
ಲಾಯಲ್ ಹೆಸ್ಟರ್, ಮೂರು ಐವತ್ತೊಂದು ಹನ್ನೆರಡು. ಇಲ್ಲ.
ಲಾಯಲ್ ಹೆಸ್ಟರ್, ಮೂರು ಐವತ್ತೊಂದು ಹದಿಮೂರು. ಇಲ್ಲ.
ಲಾಯಲ್ ಹೆಸ್ಟರ್,

ಹದಿನಾಲ್ಕು ಸಾಲಿನ ಹಳೇ ಸ್ಕ್ರಿಪ್ಟು. ಕೆಳಗೆ ಸಹಿ: ಎನ್. ಡೌಸ್.
ದೋಣಿ ದಡ ಮುಟ್ಟಿದ ಸೆಕೆಂಡಿನ ಹೆಸರಿನಲ್ಲಿ
ಹಿಡಿದ ಮೀನಿನ ಪಟ್ಟಿ ಬಂದು ಬೀಳಬೇಕು.
ಬಂತಾ, ಬಂತಾ ಅನ್ನುವುದೊಂದೇ ಅದರ ಕೆಲಸ.

"ಹೆಸ್ಟರಾ?" ಗ್ವೆನ್ ಕುರ್ಚಿ ಎಳೆದುಕೊಂಡಳು.
"ಅದನ್ನ ಡೆನ್ಮಾರ್ಕಿನ ಗುಜರಿಯಲ್ಲಿ ಕತ್ತರಿಸಿ
ಆರು ವರ್ಷ ಆಯ್ತಲ್ಲ.
ಡೌಸ್ ಅದರಲ್ಲಿ ಅಡುಗೆಯವ,
ಮೊಣಕಾಲು ಹೋದ ಮೇಲೆ ಕಂಪ್ಯೂಟರ್ ಕಲಿತ.
ಅದರ ಚುಕ್ಕಾಣಿ ಚಕ್ರ ನಮ್ಮನೇಲಿದೆ,
ಕೋಟು ನೇತುಹಾಕ್ತೀನಿ."

ಈ ಮೆಷಿನ್ನು ರೀಬೂಟ್ ಕಂಡು
ನಾಲ್ಕು ವರ್ಷ ಮೂರು ತಿಂಗಳು.
ಲಕೋಟೆಯ ಮೇಲೆ ಸೆಕೆಂಡುಗಳನ್ನು ಗುಣಿಸಿದೆ.
ಹದಿಮೂರು ಕೋಟಿ ಚಿಲ್ಲರೆ.
ಈ ಸಲ ತಾಳೆ ಬಿತ್ತು,
ಗೆದ್ದ ಖುಷಿ ಮಾತ್ರ ಬರಲಿಲ್ಲ.

ಮೊದಲು ಕೇಳುವವನನ್ನು ನಿಲ್ಲಿಸಿದೆ.
ಆಮೇಲೆ ಕರ್ನಲ್ಲಿಗೆ ಒಂದೇ ಒಂದು ಅಂಕಿ ಬರೆದೆ, ಎರಡು,
ಅಂದರೆ, ಬಿಡು.
ಹಟ ಮಾಡಲಿಲ್ಲ ಅದು. ಹೊತ್ತು ಮಾತ್ರ ಹಿಡಿಯಿತು.
ಕರ್ಸರು ಕಣ್ಣು ಮಿಟುಕಿಸದೆ ನಿಂತಿತು,
ಆರು ವರ್ಷದ ಹಿಂದೆ ಚೂರಾದ ದೋಣಿ
ಸೆಕೆಂಡು ಸೆಕೆಂಡಾಗಿ ಮತ್ತೆ ಚೂರಾಗುವವರೆಗೆ.
ಖಾಲಿ: ಇಪ್ಪತ್ತಾರು ಜಿಬಿ.

"ಡೌಸ್‌ಗೆ ಹೇಳಲಾ?" ಅಂದೆ.
"ಬೇಡ," ಅಂದಳು. ಸ್ವಲ್ಪ ಹೊತ್ತಿಗೆ, "ಹೇಳು. ನಗ್ತಾನೆ."

ಹೆಸ್ಟರ್ ಇದ್ದ ಸಾಲನ್ನು ಅಳಿಸಲಿಲ್ಲ;
ಮುಂದೊಂದು ಹ್ಯಾಷ್ ಗುರುತು ಹೊದಿಸಿ ಮಲಗಿಸಿದೆ.

ಏಳಕ್ಕೆ ಮೊದಲ ಪೆಟ್ಟಿಗೆ, ಕಾಡ್.
ಬೆಲೆ ತಡವರಿಸದೆ ಏರಿತು.
ಗ್ವೆನ್ ಆಗಲೇ ಬಿಳಿ ಬೂಟು ತೊಟ್ಟು
ಒದ್ದೆ ನೆಲದ ಆ ತುದಿಯಲ್ಲಿ ಇನ್ನಾರಿಗೋ ಬಯ್ಯುತ್ತಿದ್ದಳು.